ಅಂಚಿನಲ್ಲಿ ಬರೆದದ್ದು

ಕೆಳಗಿನ ಟೈಲರ್ ಅಂಗಡಿಯ ಷಟರ್ ಮೇಲೇಳುವಾಗ ಮೊದಲು ಒಂದು ಸಲ ಕಿರುಚಿ ಅರ್ಧಕ್ಕೆ ನಿಂತುಬಿಡುತ್ತದೆ. ಟೈಲರ್ ಅದಕ್ಕೆ ಎರಡು ಬೈಗುಳ ಕೊಟ್ಟ ಮೇಲೆ ಉಳಿದ ದಾರಿಯನ್ನು ಗಡಗಡನೆ ಮುಗಿಸುತ್ತದೆ. ಮೇಲಿನ ಎರಡು ಕೋಣೆಗಳಲ್ಲಿ ಹನ್ನೆರಡು ವರ್ಷದಿಂದ ಇರುವ ಬೈಂಡಿಂಗ್ ಅಕ್ಕನಿಗೆ ಎಚ್ಚರವಾಗುವುದು ಕಿರುಚಾಟಕ್ಕಲ್ಲ. ಅದು ನಿಂತು ಬೈಗುಳ ಶುರುವಾಗುವ ಮೊದಲು ಒಂದು ಗಳಿಗೆ ಏನೂ ಕೇಳಿಸುವುದಿಲ್ಲವಲ್ಲ, ಆಗ.

ಆ ದಿನ ಅವಳು ಕಣ್ಣುಬಿಟ್ಟಾಗ ತಂಗಿ ಆಗಲೇ ಎದ್ದು ಸೂಟ್‌ಕೇಸಿನ ಮುಂದೆ ಕೂತಿದ್ದಳು. ಸಂಜೆ ನಾಲ್ಕೂವರೆಗೆ ಅವಳ ಬಸ್ಸು.

"ಯಾರಿಗಾದರೂ ಬಿಸಿನೀರು ಬೇಕಿದ್ದರೆ ಕಾದಿದೆ," ತಂಗಿ ಗೋಡೆಗೆ ಹೇಳಿದಳು.

"ಯಾರಿಗೂ ಅವಸರ ಇಲ್ಲ," ಅಕ್ಕ ಲೋಟಕ್ಕೆ ಹೇಳಿದಳು.

ಹತ್ತೊಂಬತ್ತು ದಿನದಿಂದ ಆ ಮನೆಯಲ್ಲಿ ಗೋಡೆ, ಲೋಟ, ಬಾಗಿಲು, ಒಲೆ ಇವುಗಳ ಜೊತೆಗೇ ಮಾತು. ತಂಗಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬೇರೊಂದು ಊರಿನಲ್ಲಿ ಅದೇ ಅಂಗಡಿಯವರು ಹೊಸದೊಂದು ತೆರೆದು, ನೀನೇ ಬಂದು ನೋಡಿಕೋ ಎಂದಿದ್ದರು. ಅವಳು ಹೂಂ ಎಂದು ಬಂದ ಮೇಲೆ ಮನೆಯಲ್ಲಿ ಹೇಳಿದಳು.

"ನಿನ್ನ ಮೊದಲೇ ಕೇಳಬೇಕಿತ್ತು, ಗೊತ್ತು. ಆದರೆ ನೀನು ಬೇಡ ಅಂತಾನೂ ಅನ್ನಲ್ಲ, ಹೋಗು ಅಂತಾನೂ ಅನ್ನಲ್ಲ. ಸುಮ್ಮನೆ ಪಾತ್ರೆ ಉಜ್ಜೋಕೆ ಶುರು ಮಾಡ್ತೀಯ. ನೀನೂ ಬಾರೇ ಅಕ್ಕ. ಅಲ್ಲಿನ ಜನ ಏನು ಪುಸ್ತಕ ಹರಿಯಲ್ವಾ?"

"ನೋಡೋಣ," ಎಂದಿದ್ದಳು ಅಕ್ಕ. ಎದ್ದು ಪಾತ್ರೆ ಉಜ್ಜಿದಳು.

ತನ್ನನ್ನು ಕೇಳದೆ ಹೂಂ ಎಂದಳಲ್ಲ ಎಂಬುದು ಎದೆಯಲ್ಲಿ ಮುಳ್ಳಿನಂತೆ ನಿಂತಿತು. ತಂಗಿ ಎರಡು ದಿನ ಹಿಂದೆ ಮುಂದೆ ಸುತ್ತಿ, ಕೋಪನಾ, ಬೇಜಾರಾ, ಹೇಳೇ ಎಂದು ಕೇಳಿದಳು. ಏನಿಲ್ಲ ಎಂದಳು ಅಕ್ಕ. ಮೂರನೆಯ ದಿನ ತಂಗಿಯೂ ಗೋಡೆಯ ಕಡೆಗೆ ತಿರುಗಿದಳು. ನಾಲ್ಕನೆಯ ದಿನ ಅಕ್ಕ ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ಕಿತ್ತುಹೋಗಿದ್ದ ಅದರ ಹಿಡಿಯನ್ನು ಬೈಂಡಿಂಗ್ ದಾರದಿಂದ ನಾಲ್ಕು ಎಳೆ ಸೇರಿಸಿ ಹೊಲಿದು, ಒರೆಸಿ, ಬಾಗಿಲ ಪಕ್ಕದಲ್ಲಿ ನಿಲ್ಲಿಸಿದಳು. ಹೊರಡಲು ಇನ್ನೂ ಎರಡು ವಾರವಿತ್ತು. ತಂಗಿ ಆ ಹಿಡಿಯನ್ನು ಬಹಳ ಹೊತ್ತು ನೋಡಿದಳು.

ಕಾಲೇಜಿನ ಹಿಂದಿನ ಗೇಟಿನ ಎದುರಿಗೆ ಬೈಂಡಿಂಗ್ ಅಂಗಡಿ. ಒಂದು ಉದ್ದ ಮೇಜು, ರಟ್ಟುಗಳ ರಾಶಿ, ಅಂಟಿನ ಬಕೆಟ್ಟು, ಮೂಲೆಯಲ್ಲಿ ಆಳೆತ್ತರದ ಕಟಿಂಗ್ ಮಷಿನ್. ಅಕ್ಕನಿಗೆ ಕೆಲಸ ಕಲಿಸಿದ ಯಜಮಾನರು ಈಗಿಲ್ಲ. ಅವರ ಗೋಡೆ ಗಡಿಯಾರ ಉಳಿದಿದೆ, ಅವರ ಒಂದು ನಿಯಮವೂ ಉಳಿದಿದೆ. ಬಿಚ್ಚಿದ ಪುಸ್ತಕದಲ್ಲಿ ಪುಟದ ನಂಬರು ಮಾತ್ರ ನೋಡಬೇಕು, ಬರೆದದ್ದನ್ನು ನೋಡಬಾರದು. "ನೀನು ಓದ್ತಾ ಕೂತರೆ ಹೊಲಿಯೋಕೆ ನಿಮ್ಮಜ್ಜಿ ಬರ್ತಾಳಾ?" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅಕ್ಕನ ಕಣ್ಣು ಪುಟದ ಕೆಳಗಿನ ಅಂಚಿಗೇ ಒಗ್ಗಿಹೋಗಿತ್ತು.

ಹೋದ ವಾರ ಕಾಲೇಜಿನ ಲೈಬ್ರರಿ ಮೇಡಂ ರಜೆಯಲ್ಲಿ ಬೈಂಡ್ ಮಾಡಿಸುವ ಹರಿದ ಪುಸ್ತಕಗಳ ಕಟ್ಟು ತಂದಿಳಿಸಿದ್ದರು.

"ಈ ಸಲ ನೋಡಿ, ಜಾಸ್ತಿ ಹರಿದಿರೋದು ವ್ಯಕ್ತಿತ್ವ ವಿಕಸನದ್ದು. ಹುಡುಗೀರು ಕಾದಂಬರಿಗಿಂತ ಇದನ್ನೇ ಹಿಂಡಿ ಹಾಕ್ತಾರೆ."

"ವಿಕಸನ ಆಯ್ತಾ?"

"ಹುಡುಗೀರದ್ದು ಗೊತ್ತಿಲ್ಲಪ್ಪ. ಪುಸ್ತಕದ್ದಂತೂ ಆಗಿದೆ. ಒಂದಿದ್ದದ್ದು ಎರಡಾಗಿದೆ."

ಅಕ್ಕ ನಕ್ಕಳು. ಮೇಡಂ ಹೋದ ಮೇಲೆ ಹುರಿ ಬಿಚ್ಚಿದಳು. ಮೇಲಿನದು ಕೆಂಪು ರಟ್ಟಿನದು, ಬೆನ್ನು ಕಿತ್ತುಹೋಗಿತ್ತು. ಅದರ ಕೆಳಗೆ ಹಸಿರಿನದು. ಒಟ್ಟು ಏಳು. ನೋಡುತ್ತಲೇ ಗುರುತು ಸಿಕ್ಕಿತು. ಎಲ್ಲವೂ ಅವಳವೇ. ಎಂಟು ವರ್ಷದ ಹಿಂದೆ, ಗಂಡ ಮನೆ ಬಿಟ್ಟು ಹೋದ ತಿಂಗಳು, ಒಂದು ಚೀಲಕ್ಕೆ ತುಂಬಿ ಲೈಬ್ರರಿಗೆ ಕೊಟ್ಟು ಬಂದಿದ್ದಳು. ಕೊಡುವ ಮುಂಚೆ ತೆರೆದೂ ನೋಡಿರಲಿಲ್ಲ.

ಕೆಂಪು ಪುಸ್ತಕ ಕೊಂಡಾಗ ಅವಳಿಗೆ ಇಪ್ಪತ್ತಮೂರು. ಅದೇ ಮೇಜಿನಲ್ಲಿ ಎದುರುಬದುರು ಕೂತು ಕೆಲಸ ಕಲಿತ ಗೆಳತಿಯೊಬ್ಬಳಿದ್ದಳು. ಇಬ್ಬರೂ ಒಂದೇ ದಾರದ ಉಂಡೆಯಿಂದ ಹೊಲಿಯುತ್ತಿದ್ದರು. ಒಂದು ಭಾನುವಾರ ಗೆಳತಿ ಬೇರೆಯವರ ಜೊತೆ ಸಿನಿಮಾಕ್ಕೆ ಹೋಗಿ ಬಂದು, ಕಥೆಯನ್ನೆಲ್ಲ ಇವಳಿಗೇ ಹೇಳಿದಳು. ಇವಳು ತಲೆ ತಗ್ಗಿಸಿ ಹೊಲಿದಳು. ಏನಾಯ್ತೇ, ಎಂದು ಗೆಳತಿ ನಾಲ್ಕು ದಿನ ಕೇಳಿದಳು. ಏನಿಲ್ಲ. ಆಮೇಲೆ ತಿಂಗಳುಗಟ್ಟಲೆ ಆ ಮೇಜಿನ ಮೇಲೆ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಗೆಳತಿ ಬೇರೆ ಕಡೆ ಕೆಲಸ ಹಿಡಿದು ಹೋದ ವಾರ ಇವಳು ಆ ಪುಸ್ತಕ ಕೊಂಡಳು. "ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿ, ಎದುರಿಗಿರುವವರು ಜ್ಯೋತಿಷಿಗಳಲ್ಲ" ಎಂಬ ಸಾಲಿನ ಕೆಳಗೆ ನೀಲಿ ಶಾಯಿಯಲ್ಲಿ ಎರಡು ಗೆರೆ ಎಳೆದು, ಪಕ್ಕದಲ್ಲಿ ಬರೆದಳು: ಇದನ್ನು ಅವಳು ಓದಬೇಕಿತ್ತು.

ಹಸಿರಿನದು ಮದುವೆಯಾದ ಮೂರನೆಯ ವರ್ಷದ್ದು. ಗಂಡ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಉಪ್ಪಿನ ಪೊಟ್ಟಣ ತಂದರೂ ಮೊದಲು ಅದರ ಮೇಲಿನ ಅಚ್ಚುದೋಷ ಹುಡುಕುವವನು. ತಮ್ಮದೇ ಮದುವೆಯ ಕಾಗದದಲ್ಲಿ ಎರಡು ತಪ್ಪು ತೋರಿಸಿ, "ಹೆಣ್ಣು ಮಾತ್ರ ತಪ್ಪಿಲ್ಲದೆ ಬಂದಿದೆ" ಎಂದಿದ್ದ. ಮಾತು ಕಡಿಮೆ. ಹೇಳಬೇಕಾದದ್ದನ್ನೆಲ್ಲ ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದು ಅಭ್ಯಾಸವಾಗಿದ್ದ ಮನುಷ್ಯ.

ಒಮ್ಮೆ ಅಣ್ಣನ ಮನೆಗೆಂದು ಹೋದವನು ಹೇಳದೆ ಕೇಳದೆ ಹತ್ತು ದಿನ ಅಲ್ಲೇ ಉಳಿದ. ಬಂದಾಗ ಅಕ್ಕ ಊಟ ಬಡಿಸಿದಳು. ಮಾತು ಬಡಿಸಲಿಲ್ಲ. ಅವನು ಕೇಳಿದ. ಏನಿಲ್ಲ. ಮತ್ತೆ ಮತ್ತೆ ಕೇಳಿದ. ಏನಿಲ್ಲ. ಆಗ ಅವಳು ಹಸಿರು ಪುಸ್ತಕ ಕೊಂಡು ತಂದು, ಅವನಿಗೆ ತಾಗಬೇಕಾದ ಸಾಲುಗಳ ಕೆಳಗೆ ಗೆರೆ ಎಳೆದು, ಅವನ ಕಣ್ಣಿಗೆ ಬೀಳಲೆಂದು ಊಟದ ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಹೀಗೇ ಕೊಂಡು ಗೆರೆ ಎಳೆದಿದ್ದ ಉಳಿದ ಆರನ್ನೂ ಅದರ ಪಕ್ಕದಲ್ಲೇ ಜೋಡಿಸಿದಳು. ಹತ್ತು ದಿನವಾದರೂ ಪುಸ್ತಕಗಳು ಇಟ್ಟಲ್ಲೇ ಇದ್ದವು. ಮುಟ್ಟಲೇ ಇಲ್ಲ, ಎಂದುಕೊಂಡಳು. ತೆಗೆದು ಕಪಾಟಿನಲ್ಲಿಟ್ಟಳು. ಅವನು ಹೋಗುತ್ತೇನೆ ಎನ್ನುವ ಮೊದಲೇ ಅವನ ಅಂಗಿಗಳನ್ನು ಮಡಿಸಿಟ್ಟಳು. ಮಡಿಸಿದ ಅಂಗಿಗಳನ್ನು ನೋಡಿ ಅವನು, "ಓ, ಹಾಗಾ," ಎಂದಷ್ಟೇ ಹೇಳಿದ್ದ. ಈಗ ಅವನಿಗೆ ಇನ್ನೆಲ್ಲೋ ಮನೆ, ಹೆಂಡತಿ, ಶಾಲೆಗೆ ಹೋಗುವ ಮಗಳು.

ಅವನು ಹೋದ ವರ್ಷವೇ ತಂಗಿ ಹಾಸ್ಟೆಲ್ ಬಿಟ್ಟು ಅಕ್ಕನ ಜೊತೆ ಇರಲು ಬಂದಳು. ಹನ್ನೊಂದು ವರ್ಷ ಚಿಕ್ಕವಳು. ಅಮ್ಮ ಹೋದಾಗ ಹೈಸ್ಕೂಲಿನಲ್ಲಿದ್ದವಳು. ಬಂದ ದಿನವೇ ಗೋಡೆಗೆ ಕಣ್ಣು ಪರೀಕ್ಷೆಯ ಹಲಗೆ ನೇತುಹಾಕಿ, ಅಕ್ಕನನ್ನು ಎದುರಿಗೆ ಕೂರಿಸಿ, "ಹತ್ತಿರದ್ದೇ ಕಾಣಲ್ಲ ನಿನಗೆ" ಎಂದು ನಕ್ಕು, ಕನ್ನಡಕ ಮಾಡಿಸಿಕೊಟ್ಟಿದ್ದಳು.

ಏಳು ಪುಸ್ತಕಗಳನ್ನೂ ಅಕ್ಕ ಬಿಚ್ಚಿ, ನಂಬರು ನೋಡಿ ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಬಳಿದು ಒಣಗಿಸಿದ್ದಳು. ಕಣ್ಣು ಕೆಳಗಿನ ಅಂಚು ಬಿಟ್ಟು ಮೇಲೇರಲಿಲ್ಲ, ಏರಲು ಬಿಡಲಿಲ್ಲ. ಮೇಲೆ ತನ್ನದೇ ನೀಲಿ ಶಾಯಿ ಇದೆಯೆಂದು ಗೊತ್ತಿತ್ತು. ತಂಗಿ ಹೊರಡುವ ದಿನ ಬೆಳಿಗ್ಗೆ ಉಳಿದಿದ್ದದ್ದು ಅಂಚು ಕತ್ತರಿಸುವ ಕೆಲಸ. ಕೈ ತಾಗಿ ತಾಗಿ ಕಪ್ಪಾದ ಅಂಚನ್ನು ಮೂರು ಕಡೆ ಸವರಿದರೆ ಪುಸ್ತಕ ಹೊಸದರಂತೆ ಕಾಣುತ್ತದೆ. ಮಾಮೂಲಾಗಿ ಒಂದು ಅಕ್ಕಿಕಾಳಿನ ಅಗಲ ಹೋದರೆ ಸಾಕು. ಆ ದಿನ ಅವಳು ಮಷಿನಿನ ಅಳತೆಯನ್ನು ತಿರುಗಿಸಿ ಅರ್ಧ ಬೆರಳಿಗೆ ತಂದಳು. ಅಂಚಿನಲ್ಲಿ ಬರೆದ ತನ್ನ ಹುಚ್ಚುಗಳನ್ನು ಕಾಲೇಜಿನ ಹುಡುಗಿಯರು ಎಂಟು ವರ್ಷ ಓದಿದ್ದು ಸಾಕು ಅನ್ನಿಸಿತ್ತು.

ಚಕ್ರ ತಿರುಗಿಸಿ ಪುಸ್ತಕಗಳನ್ನು ಬಿಗಿದು ಅಲಗು ಇಳಿಸಿದಳು. ಧಡ್. ಎಳೆ ಎಳೆಯಾಗಿ ಕಾಗದದ ಚೂರು ಕೆಳಗೆ ಸುರಿಯಿತು. ಮೂರು ಕಡೆಯೂ ಆಯಿತು. ಬೆಳಿಗ್ಗೆಯಿಂದ ಕತ್ತರಿಸಿದ ರಿಜಿಸ್ಟರುಗಳ ಚೂರಿನ ಜೊತೆಗೆ ಇದನ್ನೂ ಬಳಿದು ರದ್ದಿ ಚೀಲಕ್ಕೆ ತುಂಬಿದಳು. ಕೈ ಕೊಡವಿದಾಗ ಒಂದು ಎಳೆ ಮಾತ್ರ ಮಣಿಕಟ್ಟಿಗೆ ಅಂಟಿಕೊಂಡಿತ್ತು. ಅದರ ಮೇಲೆ ನೀಲಿ ಶಾಯಿಯಿರಲಿಲ್ಲ. ಬೂದು ಪೆನ್ಸಿಲಿನಲ್ಲಿ, ಪ್ರೂಫ್ ನೋಡುವವರು ತಪ್ಪನ್ನು ತೆಗೆದುಹಾಕಲು ಹಾಕುವ ಸುರುಳಿ ಗುರುತಿತ್ತು.

ಅಕ್ಕ ಸ್ಟೂಲಿನ ಮೇಲೆ ಕೂತಳು. ಕೆಂಪು ಪುಸ್ತಕವನ್ನು ಎಳೆದುಕೊಂಡು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಆ ಮೇಜಿನಲ್ಲಿ ಓದಿದಳು.

ಜ್ಯೋತಿಷಿಗಳ ಸಾಲು ಹಾಗೇ ಇತ್ತು, ಎರಡು ಗೆರೆಯೂ ಇದ್ದವು. ಪಕ್ಕದಲ್ಲಿ ಅವಳದೇ ಬರಹ, ಅಲಗಿಗೆ ಸಿಗದೆ ಉಳಿದಷ್ಟು: ಇದನ್ನು ಅವ. ಅದರ ಕೆಳಗೆ ಪೆನ್ಸಿಲಿನಲ್ಲಿ, ಸಣ್ಣದಾಗಿ: ಕೇಳಿದೆ. ಏನಿ. ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನದನ್ನು ಓದಲು ಅವಳಿಗೆ ಚೂರು ಬೇಕಿರಲಿಲ್ಲ.

ಹಸಿರಿನಲ್ಲಿ "ಜಗಳವಿಲ್ಲದ ಮನೆಯೆಲ್ಲ ಸುಖದ ಮನೆಯಲ್ಲ" ಎಂಬಲ್ಲಿ ಅವಳ ಗೆರೆ. ಪಕ್ಕದಲ್ಲಿ ಪೆನ್ಸಿಲು: ಹಾಗಾದರೆ ಆಡೋಣ. ನಾಳೆ ಭಾ. ಪುಟದಿಂದ ಪುಟಕ್ಕೆ ಹೀಗೇ. ಅವನು ಏಳನ್ನೂ ಓದಿದ್ದ. ಅವಳು ಗೆರೆ ಎಳೆದಲ್ಲೆಲ್ಲ ನಿಂತಿದ್ದ. ಉತ್ತರ ಬರೆದು, ಪುಸ್ತಕಗಳನ್ನು ಇದ್ದ ಹಾಗೆಯೇ, ಅವಳಿಟ್ಟ ಜಾಗದಲ್ಲೇ ಇಟ್ಟಿದ್ದ. ಇವಳು ತೆರೆದು ನೋಡುತ್ತಾಳೆಂದು ಕಾದಿದ್ದ. ಅವನು ತೆರೆಯಲೆಂದು ಇವಳು ಕಾದಿದ್ದಳು. ಆ ಊಟದ ಮೇಜಿನಲ್ಲಿ ದಿನಕ್ಕೆರಡು ಹೊತ್ತು ಇಬ್ಬರೂ ಎದುರುಬದುರು ಕೂತು ಉಂಡಿದ್ದರು.

ನಡುನಡುವೆ ಹುಡುಗಿಯರ ಬರಹವೂ ಇತ್ತು. ಒಬ್ಬಳು ಬಾಣ ಚುಚ್ಚಿದ ಹೃದಯ ಬರೆದಿದ್ದಳು. ಇನ್ನೊಬ್ಬಳು, ಪರೀಕ್ಷೆಗೆ ಬರುತ್ತಾ ಎಂದು ಕೇಳಿದ್ದಳು. ಹಸಿರು ಪುಸ್ತಕದಲ್ಲಿ ಅಕ್ಕನ ಗೆರೆಗಳೇ ತುಂಬಿದ್ದ ಒಂದು ಪುಟದ ತಲೆಯ ಮೇಲೆ ಯಾರೋ ನೇರಳೆ ಶಾಯಿಯಲ್ಲಿ, "ಯಾರಮ್ಮ ನೀನು? ಪುಸ್ತಕಕ್ಕೆ ಇಷ್ಟೊಂದು ಹೇಳೋ ಬದಲು ಅವರಿಗೇ ಹೇಳಬಾರದಿತ್ತಾ?" ಎಂದು ಬರೆದಿದ್ದಳು. ಅಕ್ಕನಿಗೆ ನಗು ಬಂತು. ಹದಿನೆಂಟು ವರ್ಷದ ಹುಡುಗಿ, ಒಂದು ಪುಟದಲ್ಲಿ ಕಂಡುಕೊಂಡಿದ್ದಳು. ಏಳು ಪುಸ್ತಕ ಕೊಂಡವಳಿಗೆ ಕಂಡಿರಲಿಲ್ಲ. ತಾನು ಗೆರೆ ಎಳೆದ ಪ್ರತಿ ಸಾಲನ್ನೂ ಇನ್ನೊಬ್ಬರ ಮೇಲೆ ದೂರು ಬರೆಯುವಂತೆ ಎಳೆದಿದ್ದಳು. ಗೆಳತಿ ಓದಬೇಕಿತ್ತು, ಗಂಡ ಓದಬೇಕು. ಎಲ್ಲಿಯೂ, ಒಂದು ಕಡೆಯಲ್ಲಿಯೂ, ಇದು ನಾನು ಎಂದು ಬರೆದಿರಲಿಲ್ಲ.

ಕೊನೆಯ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ, ಯಾವಾಗ ಬರೆದಳೋ ನೆನಪಿಲ್ಲ, ಅವಳ ಕೈಯಲ್ಲಿ ಒಂದು ಸಾಲಿತ್ತು: ನಾನು ಯಾರಿಗೂ ಬೇಡ. ಅದರ ಮೇಲೆ ಪೆನ್ಸಿಲಿನ ಒಂದು ನೇರ ಗೆರೆ, ತಪ್ಪು ಸಾಲನ್ನು ಹೊಡೆದುಹಾಕುವ ಗೆರೆ, ಅಂಚಿನವರೆಗೆ ಹೋಗಿತ್ತು. ಮಣಿಕಟ್ಟಿಗೆ ಅಂಟಿದ್ದ ಸುರುಳಿ ಅಲ್ಲಿಯದು. ಅದರ ಕೆಳಗೆ, ಹೊಡೆದ ಸಾಲಿನ ಬದಲು ಇರಬೇಕಾದದ್ದನ್ನು ಅವನು ಬರೆದಿದ್ದ. ಪ್ರೂಫ್ ನೋಡುವವನು ಹೊಡೆದುಹಾಕಿ ಸುಮ್ಮನಿರುವುದಿಲ್ಲ, ಸರಿಯಾದದ್ದನ್ನು ಅಂಚಿನಲ್ಲಿ ಕೊಡುತ್ತಾನೆ. ಉಳಿದಿದ್ದದ್ದು ಎರಡು ಅಕ್ಷರ: ನನ.

ಅಕ್ಕ ರದ್ದಿ ಚೀಲವನ್ನು ನೆಲಕ್ಕೆ ಸುರಿದಳು. ಮಂಡಿಯೂರಿ, ಕನ್ನಡಕ ಹಾಕಿಕೊಂಡು, ಎಳೆ ಎಳೆಯಾಗಿ ಹುಡುಕಿದಳು. ಸಾವಿರಾರು ಎಳೆ. ರಿಜಿಸ್ಟರಿನವು, ಪ್ರಶ್ನೆಪತ್ರಿಕೆಯವು, ಸುರುಳಿ ಸುತ್ತಿಕೊಂಡು ಒಂದರೊಳಗೊಂದು ಹೆಣೆದುಕೊಂಡವು. ಪೆನ್ಸಿಲಿದ್ದ ಚೂರುಗಳು ಆರೇಳು ಸಿಕ್ಕವು: ಒಂದರಲ್ಲಿ ಒಂದು ಕೊಂಬು, ಒಂದರಲ್ಲಿ ಬರೀ ಒಂದು ಸೊನ್ನೆ, ಒಂದರಲ್ಲಿ ಪ್ರಶ್ನೆ ಚಿಹ್ನೆಯ ಬಾಲ. ಯಾವುದೂ ಆ ಪುಟಕ್ಕೆ ಕೂಡಲಿಲ್ಲ. ನನಗೆ ಬೇಕು ಎಂದು ಬರೆದಿರಬಹುದು. ನನ್ನನ್ನು ಬಿಟ್ಟುಬಿಡು ಎಂದೂ ಇರಬಹುದು. ಕೇಳುವ ಹಾಗಿಲ್ಲ. ಗಡಿಯಾರ ಮೂರು ಹೊಡೆಯಿತು.

ಏಳು ಪುಸ್ತಕಗಳನ್ನು ರಟ್ಟಿನ ನಡುವೆ ಜೋಡಿಸಿ ಭಾರದ ಕೆಳಗಿಟ್ಟು, ಬಾಗಿಲು ಎಳೆದುಕೊಂಡು ಅಕ್ಕ ಮನೆಯ ಕಡೆ ಓಡುವಂತೆ ನಡೆದಳು. ದಾರಿಯುದ್ದಕ್ಕೂ ಎರಡೇ ಪದಗಳನ್ನು ಬಾಯಲ್ಲಿ ಕೂಡಿಸಿಟ್ಟುಕೊಂಡಳು. ನಾನೂ ಬರ್ತೀನಿ. ಔಷಧಿ ಅಂಗಡಿಯ ಮುಂದೆ ಒಮ್ಮೆ, ಸೈಕಲ್ ರಿಪೇರಿಯವನ ಮುಂದೆ ಒಮ್ಮೆ, ಮೆಟ್ಟಿಲು ಹತ್ತುವಾಗ ಒಮ್ಮೆ, ತುಟಿ ಅಲ್ಲಾಡುವಂತೆ ಹೇಳಿಕೊಂಡಳು. ಇಪ್ಪತ್ತೊಂದು ದಿನ ಬಿಡದೆ ಮಾಡಿದ್ದು ಅಭ್ಯಾಸವಾಗುತ್ತದೆ ಎಂದು ಏಳರಲ್ಲೊಂದು ಪುಸ್ತಕ ಹೇಳಿತ್ತು. ಮಾತುಬಿಟ್ಟು ಇದು ಹತ್ತೊಂಬತ್ತನೆಯ ದಿನ. ಇನ್ನೂ ಎರಡು ದಿನ ಇದೆ, ಎಂದುಕೊಂಡಳು.

ತಂಗಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಹಲಗೆಯನ್ನು ತೆಗೆದಿರಲಿಲ್ಲ. ಅಕ್ಕನನ್ನು ಕಂಡು ಗೋಡೆಯ ಕಡೆ ತಿರುಗಲು ಹೊರಟವಳು, ನಿಂತಳು.

"ಏನಾಯ್ತು ಅಕ್ಕ? ಮೈಯೆಲ್ಲ ಕಾಗದದ ಚೂರು. ಅತ್ತಿದ್ದೀಯಾ?"

ನೇರವಾಗಿ, ಮುಖ ನೋಡಿ ಕೇಳಿದಳು. ಹದಿನಾರು ದಿನದ ಮೇಲೆ.

"ಏನಿಲ್ಲ," ಎಂದಳು ಅಕ್ಕ.

ಕೂಡಿಸಿಟ್ಟ ಮಾತು ನಾಲಗೆಯ ಮೇಲೆಯೇ ಇತ್ತು. ಅದನ್ನು ಹಿಂದೆ ತಳ್ಳಿ ಇದು ಮುಂದೆ ಬಂದುಬಿಟ್ಟಿತು. ಅದಕ್ಕೆ ದಾರಿ ಗೊತ್ತಿತ್ತು.

ತಂಗಿ ಅಕ್ಕನ ತಲೆಯಿಂದ ಒಂದು ಎಳೆ ಕಾಗದ ತೆಗೆದು, ಬೆರಳಿಗೆ ಸುತ್ತುತ್ತ ನಿಂತಳು. "ಅಲ್ಲಿ ಹಿಡಿದಿರೋ ಮನೇಲಿ ಎರಡು ರೂಮಿದೆ," ಎಂದಳು.

ಅಕ್ಕನಿಗೆ ಅರ್ಥವಾಯಿತು. ಇಂಥದ್ದು ಅರ್ಥವಾಗದಿದ್ದರೆ ಎಷ್ಟೋ ವಾಸಿಯಿತ್ತು.

"ಒಳ್ಳೇದಾಯ್ತು. ಸಾಮಾನು ಇಟ್ಕೊಳ್ಳೋಕೆ ಆಗುತ್ತೆ."

"ಹೂಂ," ತಂಗಿ ಬೆರಳಿನ ಕಾಗದ ಬಿಚ್ಚುತ್ತ ಹೇಳಿದಳು. "ಸಾಮಾನಿಗೆ ಆಗುತ್ತೆ."

ಸೂಟ್‌ಕೇಸನ್ನು ಇಬ್ಬರೂ ಹಿಡಿದು ಕೆಳಗಿಳಿಸಿದರು. ಹಿಡಿ ಗಟ್ಟಿಯಾಗಿತ್ತು. ಆಟೋದಲ್ಲಿ ಕೂತ ಮೇಲೆ ತಂಗಿ, "ಕನ್ನಡಕ ಹಾಕ್ಕೊಂಡೇ ಕೆಲಸ ಮಾಡು," ಎಂದಳು. "ಬೆರಳು ಕತ್ತರಿಸಿಕೊಂಡೀಯ." ಆಟೋ ತಿರುವಿನವರೆಗೆ ಹೋಯಿತು. ತಂಗಿ ತಿರುಗಿ ನೋಡಿದಳೋ ಇಲ್ಲವೋ ಅಕ್ಕನಿಗೆ ತಿಳಿಯಲಿಲ್ಲ. ಅವಳು ಅದಕ್ಕೆ ಮೊದಲೇ ತಲೆ ತಗ್ಗಿಸಿಬಿಟ್ಟಿದ್ದಳು.

ಬೀದಿಯಲ್ಲಿ ಎಷ್ಟು ಹೊತ್ತು ನಿಂತಳೋ. ಟೈಲರ್ ಮಷಿನು ನಿಲ್ಲಿಸಿ, ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಹೊರಗೆ ಬಂದ.

"ಏನಕ್ಕ, ಅರ್ಧಕ್ಕೇ ನಿಂತುಬಿಟ್ರಿ? ನನ್ನ ಷಟರ್ ಥರ. ಎರಡು ಬಯ್ಲಾ?"

ಅವಳು ನಗಲಿಲ್ಲ.

"ಯಾಕೆ, ಏನಾಯ್ತು?" ಈ ಸಲ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡು ಕೇಳಿದ.

"ಆಗಿದೆ ಟೈಲರಣ್ಣ," ಎಂದಳು ಅಕ್ಕ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. "ತುಂಬಾ ಆಗಿದೆ. ಅವಳು ಕೇಳಿದಳು. ಎಲ್ಲರೂ ಕೇಳಿದ್ರು. ನಾನೇ..."

"ಯಾರು ಕೇಳಿದ್ರು? ಏನು?"

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಯಾವ ಬಸ್ಸಿನದೋ. ಅಕ್ಕ ತಲೆಯೆತ್ತಿ ಆ ಕಡೆ ನೋಡಿದಳು. ಬಸ್‌ನಿಲ್ದಾಣಕ್ಕೆ ಎಡಕ್ಕೆ, ಅಂಗಡಿಗೆ ಬಲಕ್ಕೆ. ಅಲ್ಲಿ ಭಾರದ ಕೆಳಗೆ ಏಳು ಪುಸ್ತಕ ಇವೆ, ನೆಲದ ತುಂಬ ಚೂರು ಹರಡಿದೆ, ಗಾಳಿಗೆ ಹಾರುತ್ತದೆ. ಅವಳು ಬಲಕ್ಕೆ ತಿರುಗಿದಳು. ಟೈಲರಿಗೆ ಹೇಳುತ್ತಿದ್ದಳೋ ರಸ್ತೆಗೆ ಹೇಳುತ್ತಿದ್ದಳೋ, "ಏನಿಲ್ಲ, ಅವಳಿಗೆ ಒಂದು ಮಾತು ಹೇಳಬೇಕಿತ್ತು, ಚಿಕ್ಕದು, ನಾನೂ..." ಎನ್ನುತ್ತ ನಡೆದುಹೋದಳು.